ತೊಂಬತ್ತಾರು ಸಾಸಿರ

ಇಟ್ಟಿಗೆ ಗೂಡಿಗೆ ಹೋಗಿ ದರ ಕೇಳಿದರೆ ಉತ್ತರ ಬರುವುದು ಸಾವಿರದ ಲೆಕ್ಕದಲ್ಲಿ. ಗುಬ್ಬಿ ಸೀಮೆಯ ತೆಂಗಿನ ತೋಟದಲ್ಲಿ ಕಾಯಿ ಕೆಡವಿ ರಾಶಿ ಹಾಕಿದ ಮೇಲೆ, ತೂಕದ ವ್ಯಾಪಾರ ಬಂದಿರುವ ಈ ಕಾಲದಲ್ಲೂ, ಹಿರಿಯರು ಕೇಳುವುದು 'ಎಷ್ಟು ಸಾವ್ರ ಬಿತ್ತು?' ಎಂದೇ. ಕುಣಿಗಲ್ ಕಡೆಯ ಆಡುಮಾತಿನಲ್ಲೂ ಅದು 'ಸಾವ್ರ'. ನಡುವಿನ ಇಕಾರ ಯಾವಾಗಲೋ ಉದುರಿಹೋಗಿದೆ. ಹೀಗೆ ಎರಡಕ್ಷರಕ್ಕೆ ಇಳಿದಿರುವ ಪದದ ಬೆನ್ನು ಹತ್ತಿ ಹಿಂದಕ್ಕೆ ನಡೆದರೆ ನಾವು ಹೋಗಿ ನಿಲ್ಲುವುದು ಒಂದು ದೊಡ್ಡ ಸಂಖ್ಯೆಯ ಮುಂದೆ: ಗಂಗವಾಡಿ ತೊಂಬತ್ತಾರು ಸಾಸಿರ. ತುಮಕೂರಿನ ದಕ್ಷಿಣ ಭಾಗದ ನೆಲವೆಲ್ಲ ನೂರಾರು ವರ್ಷ ಇದ್ದದ್ದು ಈ ಹೆಸರಿನ ಒಳಗೆ. ಊರಿಗೆ ಸಂಖ್ಯೆ ಅಂಟಿಸಿ ಕರೆಯುವುದು ಇಂದು ನಮಗೆ ಪಿನ್ ಕೋಡಿನಲ್ಲಿ ಮಾತ್ರ ಗೊತ್ತು. ಅಂದು ಸಂಖ್ಯೆ ನಾಡಿನ ಹೆಸರಿನ ಅರ್ಧ ಭಾಗವೇ ಆಗಿತ್ತು.

ಮೊದಲು ಪದವನ್ನು ಬಿಡಿಸಿ ನೋಡೋಣ. ಹಳಗನ್ನಡ ಶಾಸನಗಳಲ್ಲಿ ಕಾಣುವ ರೂಪ 'ತೊಂಭತ್ತಱುಸಾಸಿರ'. ಇದರಲ್ಲಿ ಮೂರು ತುಂಡುಗಳಿವೆ. ತೊಂಬತ್ತು ಎನ್ನುವುದರ ಬಾಲದಲ್ಲಿರುವುದು ಪತ್ತು, ಅಂದರೆ ಹತ್ತು. ತಲೆಯಲ್ಲಿರುವ 'ತೊಂ' ಒಂಬತ್ತನ್ನು ಸೂಚಿಸುವ ಬಹಳ ಹಳೆಯ ದ್ರಾವಿಡ ಅಂಶ. ತಮಿಳರು ಇದೇ ಅಂಶವನ್ನು ನೂರಕ್ಕೆ ಜೋಡಿಸಿ ತೊಂಬತ್ತಕ್ಕೆ 'ತೊಣ್ಣೂಱು' ಎಂದರು. ನಾವು ಹತ್ತಕ್ಕೇ ಜೋಡಿಸಿಕೊಂಡೆವು. ಲೆಕ್ಕದ ದೃಷ್ಟಿಯಿಂದ ನಮ್ಮದೇ ನೇರವಾದ ದಾರಿ, ಒಂಬತ್ತು ಹತ್ತು ತೊಂಬತ್ತು. ಎರಡನೆಯ ತುಂಡು ಆರು. ಹಿಂದೆ ಇದನ್ನು ಬರೆಯುತ್ತಿದ್ದದ್ದು ಈಗ ವರ್ಣಮಾಲೆಯಿಂದ ಬಿದ್ದುಹೋಗಿರುವ ಬಂಡಿ ಱಕಾರದಲ್ಲಿ. ಸಮಾಸದಲ್ಲಿ ಅದರ ಮೊದಲಕ್ಷರ ಕುಗ್ಗಿ 'ಅಱು' ಆಗುತ್ತಿತ್ತು. ಅರವತ್ತು ಎಂಬ ಪದದಲ್ಲಿ ಆ ಕುಗ್ಗಿದ ರೂಪ ಇಂದಿಗೂ ಉಳಿದಿದೆ, ತೊಂಬತ್ತಾರರಲ್ಲಿ ಮಾತ್ರ ಮತ್ತೆ ಹಿಗ್ಗಿಕೊಂಡಿದೆ.

ಮೂರನೆಯದು ಸಾಸಿರ. ಇದೊಂದು ಮಾತ್ರ ಹೊರಗಿನಿಂದ ಬಂದದ್ದು. ಒಂದರಿಂದ ನೂರರವರೆಗೆ ಎಣಿಸಲು ಕನ್ನಡಕ್ಕೆ ಯಾರ ನೆರವೂ ಬೇಕಾಗಲಿಲ್ಲ. ನೂರು ದಾಟಿದ ಮೇಲೆ ಸಂಸ್ಕೃತದ ಸಹಸ್ರವನ್ನು ತೆಗೆದುಕೊಂಡಿತು, ಪ್ರಾಕೃತದ ಬಾಯಲ್ಲಿ ಸವೆದ ಮೇಲೆ ತೆಗೆದುಕೊಂಡಿತು ಎನ್ನುವುದು ಹೆಚ್ಚು ಸರಿ. ಹಕಾರ ಕರಗಿ ಎರಡು ಅಕಾರಗಳು ಕೂಡಿ ದೀರ್ಘವಾದವು. 'ಸ್ರ' ಎಂಬ ಒತ್ತಕ್ಷರ ಕನ್ನಡದ ನಾಲಿಗೆಗೆ ಒಗ್ಗದೆ ನಡುವೆ ಒಂದು ಇಕಾರ ಬಂದು ಕುಳಿತಿತು. ಸಹಸ್ರ ಸಾಸಿರವಾಯಿತು. ಆಮೇಲೆ ಎರಡನೆಯ ಸಕಾರವೂ ಸವೆಯಿತು. 'ಸಾ' ಮತ್ತು 'ಇರ'ದ ನಡುವೆ ಉಳಿದ ಬಿರುಕನ್ನು ತುಂಬಲು ಒಂದು ಅಕ್ಷರ ಬೇಕಲ್ಲ, ಕನ್ನಡ ಅಲ್ಲಿಗೆ ವಕಾರವನ್ನು ತಂದಿತು. ಗುರು, ಅನ್ನು ಸೇರಿ 'ಗುರುವನ್ನು' ಆಗುವಾಗ ಬರುವ ವಕಾರಾಗಮವನ್ನು ಶಾಲೆಯಲ್ಲಿ ಎಲ್ಲರೂ ಕಲಿತಿದ್ದೇವೆ. ಇದೂ ಅಂಥದೇ ಕೆಲಸ. ತಮಿಳು, ಮಲಯಾಳಗಳು ಎರಡೂ ಸಕಾರಗಳನ್ನು ಕಳೆದುಕೊಂಡು ನಡುವೆ ಯಕಾರ ತುಂಬಿ 'ಆಯಿರಂ' ಮಾಡಿಕೊಂಡವು. ತುಳುವರು ಇನ್ನೂ ಮುಂದೆ ಹೋಗಿ 'ಸಾರ' ಎಂದರು. ನಮ್ಮ ಹಳ್ಳಿಗಳ 'ಸಾವ್ರ' ಅದೇ ದಾರಿಯಲ್ಲಿದೆ. ತೆಲುಗಿನವರು ಮಾತ್ರ 'ವೇಯಿ' ಎಂಬ ತಮ್ಮದೇ ಪದವನ್ನು ಬಿಟ್ಟುಕೊಡಲಿಲ್ಲ. ಪಾವಗಡದ ಕಡೆ ಎರಡು ಭಾಷೆ ಆಡುವ ಮನೆಗಳಲ್ಲಿ ಇಂದಿಗೂ ವೇಯಿ ಮತ್ತು ಸಾವಿರ ಒಂದೇ ಜಗುಲಿಯ ಮೇಲೆ ಕೂರುತ್ತವೆ.

ತಾಯಿ ರೂಪವಾದ ಸಹಸ್ರ ಸಾಯಲಿಲ್ಲ ಎನ್ನುವುದೂ ಗಮನಿಸಬೇಕಾದ ಸಂಗತಿ. ಅದು ಗುಡಿಯೊಳಗೆ ಉಳಿಯಿತು, ಮಗಳು ಸಂತೆಗೆ ಬಂದಳು. ಅರ್ಚನೆ ಸಹಸ್ರನಾಮದ್ದು, ಕಾಯಿ ಸಾವಿರದ ಲೆಕ್ಕದ್ದು. ದಶಸಾವಿರ ಎಂದು ಯಾರೂ ಅನ್ನುವುದಿಲ್ಲ, ಹತ್ತು ಸಹಸ್ರ ಎಂದರೂ ಕಿವಿಗೆ ಒರಟು. ಲಕ್ಷದ ಕಥೆ ಇದಕ್ಕೆ ತಿರುಗುಮುರುಗು: ಹಳಗನ್ನಡದಲ್ಲಿ 'ಲಕ್ಕ' ಎಂಬ ತದ್ಭವ ಇತ್ತು, ಅದು ಅಳಿದು ಸಂಸ್ಕೃತ ರೂಪವೇ ಪೇಟೆಯಲ್ಲಿ ನಿಂತಿತು. ಸಾವಿರ ದಿನದ ಬಳಕೆಗೆ ಸಿಕ್ಕು ಸವೆಯಿತು, ಲಕ್ಷ ಬಡವರ ಕೈಗೆ ಅಪರೂಪಕ್ಕೆ ಬರುತ್ತಿದ್ದುದರಿಂದ ಹೊಳಪು ಕಳೆದುಕೊಳ್ಳಲಿಲ್ಲ ಎಂದು ನನ್ನ ಎಣಿಕೆ.

ಸಾಸಿರ ನಮ್ಮ ಶಾಸನಗಳಲ್ಲಿ ಎಷ್ಟು ಒಗ್ಗಿಹೋಗಿತ್ತು ಎನ್ನುವುದಕ್ಕೆ ದತ್ತಿಗಲ್ಲುಗಳ ಕೊನೆಯ ಶಾಪ ಸಾಕು. ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾಸಿರ ಕವಿಲೆ ಹಸುಗಳನ್ನು ಕೊಂದ ಪಾಪ ಬರಲಿ ಎಂಬುದು ಊರೂರಿನ ಕಲ್ಲಿನ ಮಾತು. ಅಗ್ರಹಾರದ ಮಹಾಜನರು 'ಸಾಸಿರ್ವರು' ಆಗುತ್ತಿದ್ದರು. ಹಿಂದೆ ಬರುವ ಪದಕ್ಕೆ ತಕ್ಕಂತೆ ಸಾಸಿರ ತನ್ನ ಮೊದಲಕ್ಷರವನ್ನೂ ಬದಲಿಸಿಕೊಳ್ಳುತ್ತಿತ್ತು: ಬನವಾಸಿ ಹನ್ನೆರಡು ಸಾವಿರ 'ಪನ್ನಿರ್ಚ್ಛಾಸಿರ', ನೊಳಂಬವಾಡಿ ಮೂವತ್ತೆರಡು ಸಾವಿರ 'ಮೂವತ್ತಿರ್ಚ್ಛಾಸಿರ'. ಗಟ್ಟಿಯಾಗಿ ಓದಿದರೆ ರಥದ ಗಾಲಿ ಕಲ್ಲಿನ ಮೇಲೆ ಉರುಳಿದಂತೆ ಕೇಳುತ್ತದೆ. ಹೊರಗಿನ ಪದವೊಂದು ಇಷ್ಟು ಒಳಗಿನದಾಗಬೇಕಾದರೆ ಎಷ್ಟು ತಲೆಮಾರಿನ ನಾಲಿಗೆ ಅದರ ಮೇಲೆ ಆಡಿರಬೇಕು.

ಈಗ ನೆಲದ ಕಡೆ ಬರೋಣ. ದೇವರಾಯನದುರ್ಗದ ಬೆಟ್ಟಸಾಲಿನಲ್ಲಿ ಹುಟ್ಟುವ ಶಿಂಷಾ ನದಿ ಗುಬ್ಬಿ ತಾಲ್ಲೂಕಿನ ಕಡಬವನ್ನು ಮುಟ್ಟಿ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಇಳಿಯುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ ಮೂರನ್ನೂ ಪೋಣಿಸುವ ನೀರಿನ ದಾರ ಅದು. ಇದೇ ಕಡಬದಲ್ಲಿ ದೊರೆತ ತಾಮ್ರಶಾಸನವೊಂದು ಮೂರನ್ನೂ ಚರಿತ್ರೆಯಲ್ಲಿ ಪೋಣಿಸುತ್ತದೆ. ಅದರ ಕಾಲ ಶಕ 735, ಅಂದರೆ ಕ್ರಿ.ಶ. 812-13. ಕೊಟ್ಟವನು ರಾಷ್ಟ್ರಕೂಟ ದೊರೆ ಮೂರನೆಯ ಗೋವಿಂದ. ಕುನುಂಗಿಲ್ ದೇಶವನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಶನಿಪೀಡೆ ಇತ್ತಂತೆ. ಅದನ್ನು ಅರ್ಕಕೀರ್ತಿ ಎಂಬ ಜೈನ ಮುನಿ ಕಳೆದರು. ಆ ಉಪಕಾರಕ್ಕೆ ಜಾಲಮಂಗಲ ಎಂಬ ಹಳ್ಳಿ ದತ್ತಿಯಾಯಿತು. ಬೇಡಿಕೆ ಇಟ್ಟವನು ವಿಮಲಾದಿತ್ಯನ ಸೋದರಮಾವ ಚಾಕಿರಾಜ. ಅವನನ್ನು ಶಾಸನ ಇಡೀ ಗಂಗಮಂಡಲದ ಅಧಿರಾಜ ಎಂದು ಕರೆಯುತ್ತದೆ. ಆ ಕುನುಂಗಿಲ್ಲೇ ನಮ್ಮ ಕುಣಿಗಲ್. ಶಿವ ಕುಣಿದ ಕಲ್ಲು, ಆದ್ದರಿಂದ ಕುಣಿಗಲ್ಲು ಎಂಬ ಕಥೆ ಚೆಂದವಾಗಿದೆ, ಊರವರು ಹೇಳಿಕೊಳ್ಳಲಿ. ಆದರೆ ಸಾವಿರದ ಇನ್ನೂರು ವರ್ಷದ ಹಿಂದಿನ ರೂಪದಲ್ಲಿ ಕುಣಿತವೂ ಇಲ್ಲ, ಕಲ್ಲೂ ಇಲ್ಲ. ಹೆಸರು ಮೊದಲು, ಕಥೆ ಆಮೇಲೆ.

ಈ ಗಂಗಮಂಡಲವೇ ಗಂಗವಾಡಿ ತೊಂಬತ್ತಾರು ಸಾಸಿರ. ತೊಂಬತ್ತಾರು ಸಾವಿರ ಎಂದರೆ ಏನು ತೊಂಬತ್ತಾರು ಸಾವಿರ? ಹಳ್ಳಿಗಳು ಎಂದರು ಕೆಲವರು. ಕಂದಾಯದ ನಾಣ್ಯಗಳು ಎಂದರು ಕೆಲವರು. ನಾಡು ಒದಗಿಸಬೇಕಾದ ಕಾಲಾಳುಗಳು ಎಂದವರೂ ಉಂಟು. ಹಳ್ಳಿಗಳ ವಾದವನ್ನು ನಾವೇ ತೂಗಿ ನೋಡಬಹುದು. 2011ರ ಜನಗಣತಿಯಂತೆ ಇಡೀ ಕರ್ನಾಟಕದಲ್ಲಿ ಇರುವ ಹಳ್ಳಿಗಳು 29,340. ಬೀದರಿನಿಂದ ಚಾಮರಾಜನಗರದವರೆಗೆ, ಜನವಸತಿ ಇಲ್ಲದ ಬೇಚರಾಕು ಗ್ರಾಮಗಳನ್ನೂ ಸೇರಿಸಿದ ಲೆಕ್ಕ ಇದು. ಇದರ ಒಂದು ಭಾಗವಷ್ಟೇ ಆಗಿದ್ದ ಗಂಗವಾಡಿಯಲ್ಲಿ, ಕಾಡು ಇನ್ನೂ ದಟ್ಟವಾಗಿದ್ದ ಕಾಲದಲ್ಲಿ, ಇದರ ಮೂರು ಪಟ್ಟಿಗಿಂತ ಹೆಚ್ಚು ಹಳ್ಳಿಗಳು ಇದ್ದವು ಎನ್ನುವುದು ನಂಬುವ ಮಾತಲ್ಲ. ಚೋಳರ ಶಾಸನಗಳು ರಾಷ್ಟ್ರಕೂಟರ ನಾಡನ್ನು ರಟ್ಟಪಾಡಿ ಏಳೂವರೆ ಲಕ್ಷ ಎನ್ನುತ್ತವೆ. ಅದನ್ನು ಹಳ್ಳಿಗಳೆಂದು ಹಿಡಿದರೆ ಇಂದಿನ ಇಡೀ ಭಾರತದ ಹಳ್ಳಿಗಳೂ ಸಾಲವು.

ಹಾಗಾದರೆ ಬರಿಯ ಬಡಾಯಿಯೇ? ನನಗೆ ಹಾಗನ್ನಿಸುವುದಿಲ್ಲ. ಬಡಾಯಿ ಆಗಿದ್ದರೆ ಲಕ್ಷ ಎಂದುಬಿಡಬಹುದಿತ್ತು, ಇನ್ನು ನಾಲ್ಕು ಸಾವಿರ ಸೇರಿಸಿದರೆ ಸಾಕಿತ್ತು. ಸೇರಿಸಲಿಲ್ಲ. ಅದು ಏಕೆ ಒಳ್ಳೆಯದಾಯಿತು ಎನ್ನುವುದು ಸಂಖ್ಯೆಯ ಹೊಟ್ಟೆಯೊಳಗೆ ಇದೆ.

96,000ವನ್ನು ಅದರ ಅವಿಭಾಜ್ಯ ಸಂಖ್ಯೆಗಳಿಗೆ ಒಡೆದರೆ ಸಿಗುವುದು ಎಂಟು ಎರಡುಗಳು, ಒಂದು ಮೂರು, ಮೂರು ಐದುಗಳು. ಇವನ್ನೆಲ್ಲ ಗುಣಿಸಿದರೆ ಮತ್ತೆ 96,000. ಈ ತುಂಡುಗಳಿಂದ ಎಷ್ಟು ಬಗೆಯ ಭಾಜಕಗಳನ್ನು ಕಟ್ಟಬಹುದು? ಎರಡನ್ನು ಒಂದೂ ಬಳಸದೆ ಇರುವುದರಿಂದ ಹಿಡಿದು ಎಂಟನ್ನೂ ಬಳಸುವವರೆಗೆ ಒಂಬತ್ತು ದಾರಿ, ಮೂರಕ್ಕೆ ಎರಡು ದಾರಿ, ಐದಕ್ಕೆ ನಾಲ್ಕು ದಾರಿ. ಒಂಬತ್ತು, ಎರಡು, ನಾಲ್ಕು ಗುಣಿಸಿದರೆ 72. ಅಂದರೆ ಶೇಷ ಉಳಿಯದಂತೆ 96,000ವನ್ನು ಭಾಗಿಸಬಲ್ಲ ಸಂಖ್ಯೆಗಳು ಎಪ್ಪತ್ತೆರಡು. ಅದೇ ಲಕ್ಷವನ್ನು ಒಡೆಯಿರಿ: ಐದು ಎರಡುಗಳು, ಐದು ಐದುಗಳು, ಭಾಜಕಗಳು 36. ಲಕ್ಷ ದೊಡ್ಡದಾದರೂ ಅದರ ಭಾಜಕಗಳು ತೊಂಬತ್ತಾರು ಸಾವಿರದ ಭಾಜಕಗಳ ಸರಿಯಾಗಿ ಅರ್ಧ. ಲಕ್ಷವನ್ನು ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಳ್ಳಲಾರರು. ತೊಂಬತ್ತಾರು ಸಾವಿರವನ್ನು ಇಬ್ಬರು, ಮೂವರು, ನಾಲ್ವರು, ಐವರು, ಆರು ಜನ, ಎಂಟು, ಹತ್ತು, ಹನ್ನೆರಡು, ಹದಿನಾರು ಜನ ಯಾರೇ ಬಂದರೂ ಹಂಚಿಕೊಳ್ಳಬಹುದು. ಮೊದಲು ಸೋಲುವುದು ಏಳರ ಮುಂದೆ.

ಹಳೆಯ ಕರ್ನಾಟಕದ ಲೆಕ್ಕ ನಡೆಯುತ್ತಿದ್ದದ್ದೇ ಇಂಥ ಹಂಚಿಕೆಯಲ್ಲಿ. ವೀಸ ಎಂದರೆ ಹದಿನಾರರಲ್ಲಿ ಒಂದು. ಹಾಗ ಎಂದರೆ ನಾಲ್ಕರಲ್ಲಿ ಒಂದು. ಖಂಡುಗಕ್ಕೆ ಇಪ್ಪತ್ತು ಕೊಳಗ. ಅರ್ಧ, ಕಾಲು, ಅರೆಕಾಲು ಎಂದು ಮಡಿಸುತ್ತ ಹೋಗುವ ಜನರಿಗೆ ಎಂಟು ಸಲ ಮಡಿಸಿದರೂ ಹರಿಯದ ಸಂಖ್ಯೆ ಬೇಕಿತ್ತು. 96,000ವನ್ನು ಮಡಿಸಿ ನೋಡಿ: 48,000, 24,000, 12,000, 6,000, 3,000, 1,500, 750, 375. ಅಲ್ಲಿಗೆ ನಿಲ್ಲುತ್ತದೆ. ಈ ಸಾಲಿನ ನಡುವೆ ಮೂರು ಪರಿಚಿತ ಮುಖಗಳಿವೆ. ಬನವಾಸಿ 12,000. ತೊರಗಲೆ 6,000. ಕುಂಡಿ 3,000. ಮೂರೂ ನಿಜವಾದ ನಾಡುಗಳು, ಶಾಸನಗಳಲ್ಲಿ ಅದೇ ಸಂಖ್ಯೆಯೊಂದಿಗೆ ಬರುವಂಥವು. ಇನ್ನು ಮೂರರಿಂದ ಭಾಗಿಸಿದರೆ 32,000, ಅದು ನೊಳಂಬವಾಡಿ. 320ರಿಂದ ಭಾಗಿಸಿದರೆ 300, ಅದು ಪುಲಿಗೆರೆ, ಬೆಳ್ವೊಲ. ಈ ನಾಡುಗಳು ಗಂಗವಾಡಿಯ ತುಂಡುಗಳಲ್ಲ, ಬೇರೆಬೇರೆ ಅರಸರವು, ಬೇರೆಬೇರೆ ದಿಕ್ಕಿನವು. ಆದರೂ ಇವುಗಳ ಸಂಖ್ಯೆಗಳು ಒಂದೇ ಟಂಕಸಾಲೆಯಲ್ಲಿ ಅಚ್ಚಾದ ನಾಣ್ಯಗಳಂತೆ ಒಂದರೊಳಗೊಂದು ಹೊಂದಿಕೊಳ್ಳುತ್ತವೆ. ಹೊಂದದವೂ ಇವೆ. ಪಟ್ಟದಕಲ್ಲಿನ ಸುತ್ತಣ ಕಿಸುಕಾಡು ಎಪ್ಪತ್ತು ಈ ಲೆಕ್ಕಕ್ಕೆ ಸಿಕ್ಕುವುದಿಲ್ಲ, ಅದರ ಒಳಗೆ ಒಂದು ಏಳು ಕುಳಿತಿದೆ. ಕಿಸುಕಾಡಿನ ಎಪ್ಪತ್ತು ಸಣ್ಣ ಸಂಖ್ಯೆ, ಅದು ಎಣಿಸಿ ಇಟ್ಟ ಹಳ್ಳಿಗಳೇ ಇರಬಹುದು. ದೊಡ್ಡ ಸಂಖ್ಯೆಗಳು ಎಣಿಸಿದವಲ್ಲ, ಆರಿಸಿದವು.

ಎಲ್ಲಿಂದ ಆರಿಸಿದರು? ಇಲ್ಲಿ ನನ್ನದೊಂದು ಊಹೆ ಇದೆ, ಊಹೆಯೆಂದೇ ಹೇಳುತ್ತೇನೆ. ಜೈನ ಪುರಾಣಗಳಲ್ಲಿ ಚಕ್ರವರ್ತಿಯ ವೈಭವಕ್ಕೆ ನಿಗದಿಯಾದ ಸಂಖ್ಯೆಗಳಿವೆ. ಭರತ ಚಕ್ರವರ್ತಿಗೆ ತಲೆಬಾಗುವ ಮಕುಟಬದ್ಧ ರಾಜರು 32,000. ಅವನ ರಾಣಿಯರು 96,000. ಮೂವತ್ತೆರಡು ಸಾವಿರದ ಮೂರು ತಂಡಗಳು. ಅವನ ಗ್ರಾಮಗಳು 96 ಕೋಟಿ. ನೊಳಂಬವಾಡಿಯ ಮೂವತ್ತೆರಡು, ಗಂಗವಾಡಿಯ ತೊಂಬತ್ತಾರು ಎರಡೂ ಇಲ್ಲಿ ಒಟ್ಟಿಗೆ ಇವೆ, ಅದೇ ಒಂದಕ್ಕೆ ಮೂರರ ಪ್ರಮಾಣದಲ್ಲಿ. ಗಂಗವಾಡಿಯನ್ನು ಆಳಿದ ಗಂಗರು ಜೈನ ಧರ್ಮದ ದೊಡ್ಡ ಆಶ್ರಯದಾತರು. ಕಡಬದ ಶಾಸನ ಕೊಟ್ಟ ಗೋವಿಂದನ ಮಗ ಅಮೋಘವರ್ಷ ನೃಪತುಂಗ. ಅವನ ಗುರು ಜಿನಸೇನರೇ ಸಂಸ್ಕೃತದಲ್ಲಿ ಆದಿಪುರಾಣ ಬರೆದವರು. ಪಂಪ 941ರಲ್ಲಿ ಅದೇ ಕಥೆಯನ್ನು ಕನ್ನಡಕ್ಕೆ ತಂದ. ಹೀಗೆ ಚಕ್ರವರ್ತಿಯ ಸಂಖ್ಯೆ ನಾಡಿನ ಕಿವಿಯಲ್ಲಿ ಗುನುಗುತ್ತಿದ್ದಾಗ, ತನ್ನ ನೆಲಕ್ಕೆ ಅರಸನೊಬ್ಬ ಅದನ್ನೇ ತೊಡಿಸಿದರೆ ಅಚ್ಚರಿಯೇನು? ಕಂದಾಯದ ಲೆಕ್ಕವೂ ಅದರಲ್ಲಿ ಇದ್ದಿರಬಹುದು. ಎರಡಕ್ಕೂ ಒಪ್ಪುವ ಸಂಖ್ಯೆ ಆದ್ದರಿಂದಲೇ ಅದು ನಿಂತಿತು.

ಅದೇ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅವನು ಹೇಳುವ ಸ್ಥಾನಗಳು ಇಪ್ಪತ್ತನಾಲ್ಕು: ಏಕ, ದಶ, ಶತ, ಸಹಸ್ರದಿಂದ ಹೊರಟು ಮಹಾಕ್ಷೋಭದವರೆಗೆ. ಸಂಖ್ಯೆಯ ಚೆಲುವಿಗೆ ಅವನಷ್ಟು ಮನಸೋತವನು ಅಪರೂಪ. 14,28,57,143ನ್ನು ಏಳರಿಂದ ಗುಣಿಸಿದರೆ 1,00,00,00,001 ಬರುತ್ತದೆ. ಎರಡು ತುದಿಗೆ ಎರಡು ಒಂದು, ನಡುವೆ ಸೊನ್ನೆಗಳ ಸಾಲು. ಅದನ್ನವನು ಅರಸನ ಕೊರಳ ಹಾರಕ್ಕೆ ಹೋಲಿಸಿದ. 139ನ್ನು 109ರಿಂದ ಗುಣಿಸಿದರೆ 15,151, ಅದೂ ಹಾರವೇ. ಲೆಕ್ಕವನ್ನು ಒಡವೆಯಾಗಿ ಕಂಡ ಕಾಲ ಅದು. ನಾಡಿನ ಹೆಸರಿಗೆ ಸಂಖ್ಯೆ ತೊಡಿಸಿದ್ದನ್ನು ಆ ಕಾಲದ ಕಣ್ಣಿನಿಂದಲೇ ನೋಡಬೇಕು.

ತೊಂಬತ್ತಾರು ಸಾವಿರ ಮತ್ತೊಮ್ಮೆ ಹುಟ್ಟಿ ಬಂದದ್ದು ಕಲ್ಯಾಣದಲ್ಲಿ. ಬಸವಣ್ಣನವರ ಮನೆಯಲ್ಲಿ ದಿನವೂ ದಾಸೋಹ ಪಡೆದ ಜಂಗಮರು ಒಂದು ಲಕ್ಷದ ತೊಂಬತ್ತಾರು ಸಾವಿರ ಎಂದು ಶರಣ ಪರಂಪರೆ ಹೇಳುತ್ತದೆ. ಈ ಮಾತು ತುಮಕೂರಿನವರಿಗೆ ಪುರಾಣದ ಮಾತಾಗಿ ಕೇಳಿಸುವುದಿಲ್ಲ. ಕ್ಯಾತ್ಸಂದ್ರದ ಪಕ್ಕದ ಸಿದ್ಧಗಂಗೆಯ ಮಠದಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಮಕ್ಕಳು ಪಂಕ್ತಿಯಲ್ಲಿ ಕುಳಿತು ಉಣ್ಣುವುದನ್ನು ಕಂಡವರಿಗೆ, ಸಾವಿರ ಎಂಬ ಪದ ಎಲೆ, ಅನ್ನ, ಸಾರಿನ ರೂಪದಲ್ಲಿ ಅರ್ಥವಾಗುತ್ತದೆ. 2019ರ ಜನವರಿ 21ರಂದು ಮಠದ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದಾಗ ಬಂದ ಜನಸಾಗರದ ಊಟಕ್ಕೂ ಅಲ್ಲಿ ಒಲೆ ಆರಲಿಲ್ಲ. ಲೆಕ್ಕದವನ ಕಣ್ಣಿಗೆ ಇಲ್ಲಿ ಇನ್ನೊಂದು ಸೋಜಿಗ. 1,96,000ವನ್ನು ಒಡೆದರೆ ಐದು ಎರಡುಗಳು, ಮೂರು ಐದುಗಳು, ಎರಡು ಏಳುಗಳು. ಆರು, ನಾಲ್ಕು, ಮೂರು ಗುಣಿಸಿದರೆ ಮತ್ತೆ 72! ಗಂಗವಾಡಿಯ ಸಂಖ್ಯೆಗೂ ಕಲ್ಯಾಣದ ಸಂಖ್ಯೆಗೂ ಭಾಜಕಗಳು ಸಮಸಮ. ಗಂಗವಾಡಿಯದ್ದು ಮೂರಕ್ಕೆ ಒಲಿದು ಏಳಕ್ಕೆ ಒಲಿಯದು, ಕಲ್ಯಾಣದ್ದು ಏಳಕ್ಕೆ ಒಲಿದು ಮೂರಕ್ಕೆ ಒಲಿಯದು. ಕಿಸುಕಾಡಿನ ಎಪ್ಪತ್ತು ಅಲ್ಲಿ ಹೊಂದಲಿಲ್ಲ, ಇಲ್ಲಿ 2,800 ಸಲ ಸರಿಯಾಗಿ ಹೊಂದುತ್ತದೆ. ಇದನ್ನು ಯಾರೂ ಯೋಜಿಸಿ ಮಾಡಿದ್ದಲ್ಲ. ಆದರೂ ಹಂಚಿ ತಿನ್ನುವ ಮನೆಗೆ ಹಂಚಲು ಬರುವ ಸಂಖ್ಯೆಯೇ ಒದಗಿತಲ್ಲ ಎಂದು ನನಗೆ ಸಂತೋಷವಾಗುತ್ತದೆ.

ಗಂಗರ ಆಳ್ವಿಕೆ ಹನ್ನೊಂದನೆಯ ಶತಮಾನದ ಮೊದಲಲ್ಲೇ ಚೋಳರ ಕೈಯಲ್ಲಿ ಮುಗಿಯಿತು. ಹೊಯ್ಸಳ ವಿಷ್ಣುವರ್ಧನ ತಲಕಾಡುಗೊಂಡನಾಗಿ ನೆಲವನ್ನು ಮರಳಿ ಪಡೆದ. ಆಳುವವರು ಬದಲಾದರೂ ಹೆಸರಿನ ಬಾಲದ ತೊಂಬತ್ತಾರು ಸಾಸಿರ ಕೆಲಕಾಲ ಹಾಗೇ ನಡೆಯಿತು. ತುಮಕೂರಿನ ಪಕ್ಕದ ಕೈದಾಳದಲ್ಲಿ 1150ರ ಹೊತ್ತಿಗೆ ಚನ್ನಕೇಶವ ದೇಗುಲ ಎದ್ದಾಗಲೂ ಈ ಸೀಮೆಗೆ ಗಂಗವಾಡಿ ಎಂಬ ಹೆಸರು ಹಳತಾಗಿರಲಿಲ್ಲ. ಮುಂದೆ ಸಂಖ್ಯೆ ಉದುರಿತು, ಹೆಸರು ಮನುಷ್ಯರಿಗೆ ಅಂಟಿಕೊಂಡಿತು. ಗಂಗವಾಡಿಕಾರರು ಸವೆದು ಗಂಗಡಿಕಾರರಾದರು. ಕುಣಿಗಲ್ ಕಡೆಯ ಒಕ್ಕಲು ಮನೆಗಳಲ್ಲಿ ಕೇಳಿ ನೋಡಿ. ನೊಳಂಬವಾಡಿಯವರು ನೊಣಬರಾದರು, ಗುಬ್ಬಿ, ತಿಪಟೂರು ಕಡೆ ಅವರ ಊರುಗಳಿವೆ. ಸಾಸಿರದ ಸಕಾರ ಸವೆದ ಹಾಗೆಯೇ ಇಲ್ಲಿ ವಕಾರವೂ ಳಕಾರವೂ ಸವೆದವು. ಒಂದೇ ಸಂತೆಯಲ್ಲಿ ಗಂಗಡಿಕಾರರೊಬ್ಬರು ನೊಣಬರೊಬ್ಬರಿಗೆ ಕಾಯಿ ಮಾರುವಾಗ ತೊಂಬತ್ತಾರು ಸಾಸಿರ ಮತ್ತು ಮೂವತ್ತಿರ್ಚ್ಛಾಸಿರ ಎದುರುಬದುರು ನಿಂತು ಸಾವ್ರದ ಲೆಕ್ಕ ಮಾಡುತ್ತಿರುತ್ತವೆ.

ಬೆಂಜಮಿನ್ ಲೂಯಿಸ್ ರೈಸ್ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವಾಗಿ 1904ರಲ್ಲಿ ಅಚ್ಚುಹಾಕಿಸಿದ. ಅವನಿಗೆ ಸಿಗದ ಕಲ್ಲುಗಳು ಆಮೇಲೂ ಸಿಕ್ಕಿವೆ, ಇನ್ನೂ ಸಿಗುತ್ತವೆ. ನಿಮ್ಮ ಊರಿನ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ತೋಟದ ಬದುವಿನಲ್ಲಿ ಅಕ್ಷರದ ಕಲ್ಲೊಂದು ಇದ್ದರೆ ದಯವಿಟ್ಟು ಅದಕ್ಕೆ ಸುಣ್ಣ ಬಳಿಯಬೇಡಿ, ಬಟ್ಟೆ ಒಗೆಯುವ ಹಾಸುಗಲ್ಲು ಮಾಡಬೇಡಿ. ಸಂಜೆಯ ಓರೆ ಬಿಸಿಲಿನಲ್ಲಿ ಒಂದು ಚಿತ್ರ ತೆಗೆದು ಪುರಾತತ್ವ ಇಲಾಖೆಗೋ ತುಮಕೂರು ವಿಶ್ವವಿದ್ಯಾಲಯಕ್ಕೋ ಕಳಿಸಿ. ಅದರಲ್ಲಿ 'ಸಾಸಿರ' ಎಂಬ ಮೂರಕ್ಷರ ಇದೆಯೇ ಎಂದು ಮೊದಲು ನೀವೇ ಹುಡುಕಿ ನೋಡಿ.